ರಂದಾದ ಮೇಲಿನ ಹೆಸರು

"ರಂದಾ ಬೇಕಾದ್ರ ಇಟ್ಕೊಳ್ರಿ ಸಾಹೇಬ್ರ. ಅದರ ಮ್ಯಾಲಿನ ಹೆಸರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ಹೀಗೆಂದವನು ಬಂಡೆಪ್ಪ. ಬೀದರ ಕಡೆಯ ಬಡಗಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕಿಟಕಿಯ ಕದ ಸರಿಮಾಡಲು ಬಂದಿದ್ದ. ಕೇಳಿಸಿಕೊಂಡ ಸುಬ್ಬರಾಯ ಅದೇ ಕಾರ್ಖಾನೆಯ ಎಂಜಿನಿಯರು. ಮೈಸೂರಿನಿಂದ ಹೈದರಾಬಾದಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಇಲ್ಲಿನ ಬಿಸಿಲು, ಭಾಷೆ, ಚಹಾ, ಮನುಷ್ಯರು, ಯಾವುದೂ ಅವನಿಗೆ ಹಿಡಿಸಿರಲಿಲ್ಲ. ಹಿಡಿಸಿದ್ದು ಸಿಕಂದರಾಬಾದಿನ ಗುಜರಿ ಅಂಗಡಿಗಳಲ್ಲಿ ಸಿಗುತ್ತಿದ್ದ ಬ್ರಿಟಿಷರ ಕಾಲದ, ಮರ ಹೆರೆಯುವ ಉಜ್ಜುಗೊರಡುಗಳು ಮಾತ್ರ. ಈ ಊರಿನವರು ಅದನ್ನು ರಂದಾ ಅನ್ನುವುದು ಕೂಡ ಅವನಿಗೆ ನಗೆಪಾಟಲಿನ ವಿಷಯ.

ವಿದ್ಯೆಯೇನೋ ಇತ್ತು, ಇಲ್ಲವೆನ್ನಲಾಗದು. ಬೆಣೆಯ ಆಕಾರ ನೋಡಿ ರಂದಾದ ಕಾಲ ಹೇಳುತ್ತಿದ್ದ. ಅಲಗಿನ ಮೇಲೆ ತುಕ್ಕು ಹಿಡಿದ ಮುದ್ರೆಯನ್ನು ಬೆರಳಲ್ಲಿ ತಡವಿ, ಅದು ಇಂಗ್ಲೆಂಡಿನ ಯಾವ ಊರಿನದೆಂದು ಹೇಳುತ್ತಿದ್ದ. ಆದರೆ ಕೈಕೆಳಗಿನ ಇನ್ನೂರು ಕೆಲಸಗಾರರಲ್ಲಿ ಒಬ್ಬನ ಹೆಸರೂ ಈ ಮಹಾಶಯನಿಗೆ ಗೊತ್ತಿರಲಿಲ್ಲ. "ಏ ವೆಲ್ಡರ್", "ಏ ಬಡಗಿ" ಎಂದರೆ ಕೆಲಸ ನಡೆಯುತ್ತಿತ್ತಲ್ಲ, ಸಾಕು.

ಮೊನ್ನೆ ತಂದಿದ್ದ ರಂದಾದ ಮುಂದಿನ ಮುಖದಲ್ಲಿ ಯಾರೋ ಚಾಕುವಿನಿಂದ ಕನ್ನಡದಲ್ಲಿ ಹೆಸರು ಕೊರೆದು, ಗೆರೆಗಳಿಗೆ ಕುಂಕುಮ, ಕೂದಲು, ಮೇಣ ಮೆತ್ತಿದ್ದರು. ಬಂಡೆಪ್ಪ ಅದರಿಂದ ದೂರವೇ ನಿಂತಿದ್ದ.

"ಕೆಲಸದ ಜಾಗಾದಾಗ ಅದಲುಬದಲಾಗಬಾರದಂತ ನಾವು ರಂದಾದ ಮ್ಯಾಲೆ ಹೆಸರು ಕೊರಿತೀವ್ರಿ. ಅದನ್ನ ನೋಡೇ ಇದಕ್ಕ ಭಾನಾಮತಿ ಮಾಡಿಸ್ಯಾರ. ಹೆಸರು ಯಾರದೈತಿ, ರಂದಾ ಅವರನ್ನ ಹೆರೀತೈತಿ. ಕಲ್ಯಾಣಪ್ಪ ಮೇಸ್ತ್ರಿ ಅಂತಿದ್ರು, ನಮ್ಮಪ್ಪಗ ಕೆಲಸ ಕಲಿಸಿದವರು. ಮುಗಿಸೇಬಿಡ್ತು. ತಾ ತಿಂದವರ ಹೆಸರು ಮ್ಯಾಲಿರೋತನಕ ಅದು ಸುಮ್ಮನಿರತೈತ್ರಿ."

ಬಂಡೆಪ್ಪ ಮಾತು ಶುರುಮಾಡಿದಾಗಲೇ ಹೆಂಡತಿ ಶೋಭಾ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಿದ್ದಳು. ಸುಬ್ಬರಾಯ ಅವಳನ್ನು ಆಗಲೇ ಕಣ್ಣಲ್ಲೇ ಒಳಗೆ ಕಳಿಸಿದ್ದ. ಬಡಗಿಯ ಮಾತಿನ ಅರ್ಧ ಹೊತ್ತು ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಮುಗೀತಾ ಪುರಾಣ? ಕದ ಇನ್ನೂ ಕಿರುಗುಟ್ತಿದೆ. ಅದನ್ನ ನೋಡು."

ಬಂಡೆಪ್ಪ ಕದ ನೋಡಿದ. ಹೋಗುವಾಗ ಚಹಾ ಮುಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ. ಮೇ ತಿಂಗಳ ಬಿಸಿಗಾಳಿ. ಮರದ ಧೂಳು ಮನೆಯೆಲ್ಲ ಹರಡುತ್ತದೆಂದು ಸುಬ್ಬರಾಯ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ, ಒಂದೇ ಬಲ್ಬಿನ ಬೆಳಕಲ್ಲಿ ಕೂತ. ಅಲಗಿನ ತುಕ್ಕನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಸಾಣೆ ಹಿಡಿದ. ಉಳಿಯಿಂದ ಆ ಹೆಸರನ್ನು ಹೆರೆದು ತೆಗೆದ. ಏನು ಬರೆದಿದೆ ಎಂದು ಓದುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. ಹಾಳು ಮಾಡಿಟ್ಟಿದ್ದಾರೆ ದರಿದ್ರದವರು ಎಂದು ಗೊಣಗಿದ. ಮೇಣದ ಪುಡಿಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಆಮೇಲೆ ಕಾರ್ಖಾನೆಯಿಂದ ತಂದ ಇಂಗ್ಲಿಷ್ ಅಕ್ಷರದ ಅಚ್ಚುಗಳನ್ನು ಒಂದೊಂದಾಗಿ ಇಟ್ಟು, ಸುತ್ತಿಗೆಯಲ್ಲಿ ಹೊಡೆದು, ತನ್ನ ಹೆಸರು ಮೂಡಿಸಿದ. ಅಗಸೆ ಎಣ್ಣೆ ಒರೆಸಿದ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಪರೀಕ್ಷೆಗೆಂದು ತೇಗದ ಹಲಗೆಯೊಂದನ್ನು ಮೇಜಿಗೆ ಬಿಗಿದು ರಂದಾ ನೂಕಿದ. ಸರ್ರೆಂದು ಹೋಯಿತು. ಉದ್ದನೆಯ ಸುರುಳಿ, ಈರುಳ್ಳಿ ಸಿಪ್ಪೆಯಷ್ಟು ತೆಳು. ಅವನಿಗೆ ಹೆಮ್ಮೆಯಾಯಿತು. ಇನ್ನೊಂದು ನೂಕಿದ. ಮತ್ತೊಂದು. ಹೆರೆದ ಸುರುಳಿಗಳು ಮೊಣಕಾಲಿನ ತನಕ ಬಂದವು. ದಪ್ಪ ಅಳೆದು ನೋಡಿದ. ಹಲಗೆ ಮೊದಲಿದ್ದಷ್ಟೇ ಇತ್ತು, ಒಂದು ಅಂಗುಲ.

ಅಳತೆ ತಪ್ಪಿರಬೇಕೆಂದು ಮತ್ತೆ ಅಳೆಯಹೋದ. ಮಣಿಕಟ್ಟಿನಿಂದ ಗಡಿಯಾರ ಜಾರಿ ನೆಲಕ್ಕೆ ಬಿತ್ತು.

ಸುರುಳಿಯೊಂದನ್ನು ಎತ್ತಿಕೊಂಡ. ಬೆಚ್ಚಗಿತ್ತು. ಅದರಲ್ಲಿ ಮರದ ಗೆರೆಗಳಿರಲಿಲ್ಲ. ಸಣ್ಣ ಸಣ್ಣ ರೋಮಗಳಿದ್ದವು.

ಬಿಟ್ಟು ಓಡಬೇಕೆಂದುಕೊಂಡ. ಕೈಗಳು ತಾವಾಗಿಯೇ ರಂದಾ ಹಿಡಿದವು. ನೂಕಿದವು. ಸರ್ರ್. ಬೆನ್ನ ಮೇಲಿಂದ ಏನೋ ಎದ್ದು ಹೋದಂತೆ ಉರಿ. ಎಳೆದವು. ನೂಕಿದವು. ಸರ್ರ್. ಶರಟು ಹೆಗಲಿನಿಂದ ಜೋತುಬಿತ್ತು. ಹಲಗೆಯ ಕೊನೆ ಮುಟ್ಟಿದಾಗ ಮಾತ್ರ ಕೈಗಳು ಒಂದು ಗಳಿಗೆ ಸಡಿಲವಾಗುತ್ತಿದ್ದವು. ಆ ಗಳಿಗೆಯಲ್ಲಿ ಉಳಿ ಎತ್ತಿ ತನ್ನ ಹೆಸರನ್ನು ಹೆರೆದು ಹಾಕಿದ. ನಿಲ್ಲಲಿಲ್ಲ. ಹೆಸರಿಲ್ಲದ ರಂದಾ ಹಿಡಿದವನನ್ನೇ ಹೆರೆಯಿತು.

ಆ ಹಳೆಯ ಹೆಸರು ಬೇಕು. ಅದನ್ನು ಮತ್ತೆ ಮೂಡಿಸಬೇಕು. ಏನದು? ಯಾರೋ ಮೇಸ್ತ್ರಿ. ಮೇಸ್ತ್ರಿ ಏನು? ಬಡಗಿ ಹೇಳಿದ್ದ. ಯಾವ ಬಡಗಿ? ಅವನ ಹೆಸರೂ ಗೊತ್ತಿಲ್ಲ.

"ಶೋಭಾ! ಬಡಗಿ ಹೇಳಿದ್ನಲ್ಲ, ಆ ಸತ್ತವನ ಹೆಸರೇನು?"

"ನೀವು ಒಳಗೆ ಕಳಿಸಿದ್ರಲ್ಲ ರೀ, ನಾನು ಕೇಳಿಸ್ಕೊಳ್ಳಲಿಲ್ಲ." ಅವಳು ಬಾಗಿಲು ತಳ್ಳಿದಳು. "ಯಾಕೆ ಹೀಗೆ ಕೂಗ್ತಿದ್ದೀರಿ? ಚಿಲಕ ತೆಗೀರಿ."

ಸರ್ರ್. ಈಗ ಮೂಳೆಗೆ ತಾಗಿತು. ಸೊಂಟದಿಂದ ಪ್ಯಾಂಟು ಕಳಚಿತು. ಅವನು ಯೋಚಿಸಿದ. ಇಂಥ ಹೊತ್ತಿನಲ್ಲೂ ಲೆಕ್ಕಾಚಾರ ಬಿಡದ ಮನುಷ್ಯ ಅವನು. ಸತ್ತವನ ಹೆಸರಿಲ್ಲದಿದ್ದರೆ ಬದುಕಿದವರದು. ಜನರಲ್ ಮ್ಯಾನೇಜರು? ಬಡ್ತಿಯ ಕಡತ ಅವರ ಮೇಜಿನ ಮೇಲಿದೆ. ತಮ್ಮ? ಮೈಸೂರಿನ ಸೈಟು ನೋಡಿಕೊಳ್ಳುವವನು ಅವನೇ. ಹೊರಗೆ ಶೋಭಾ ಬಾಗಿಲು ಬಡಿಯುತ್ತಿದ್ದಳು. ಇಂಗ್ಲಿಷಿನಲ್ಲಿ ಆರೇ ಅಕ್ಷರ.

ನೂಕು. ಎಸ್ ಅಚ್ಚು, ಒಂದು ಏಟು. ನೂಕು. ಎಚ್. ಬೆರಳುಗಳು ಕಡ್ಡಿಯಾದವು. ನೂಕು. ಓ. ಸುತ್ತಿಗೆ ಎತ್ತಲಾಗಲಿಲ್ಲ, ಎತ್ತಿದ. ನೂಕು. ಬಿ. "ಪಕ್ಕದ ಮನೆಯವರನ್ನ ಕರ್ಕೊಂಡು ಬರ್ತೀನಿ, ಹೆದರ್ಬೇಡಿ ರೀ," ಎಂದಳು ಶೋಭಾ. ನೂಕು. ಎಚ್. ಕಣ್ಣು ಮಂಜಾಯಿತು. ನೂಕು. ಎ.

ಉರಿ ನಿಂತಿತು.

ಸುಬ್ಬರಾಯ ಉಸಿರು ಬಿಟ್ಟ. ಮೊದಲು ಅವನಿಗಾದದ್ದು ಸಮಾಧಾನ. ಆಮೇಲೆ ನೋಡಿದ, ಕೈಗಳು ಮತ್ತೆ ರಂದಾ ಹಿಡಿದಿದ್ದವು. ಬೇಡ ಎಂದ. ನೂಕಿದವು. ಈ ಸಲ ಅವನಿಗೆ ಏನೂ ನೋಯಲಿಲ್ಲ. ಬೇಡ ಎಂದು ಕಿರುಚಿದ. ಎಳೆದವು, ನೂಕಿದವು. ಸುರುಳಿ ಎದ್ದು ಬಿತ್ತು. ಬಾಗಿಲಾಚೆ ಶೋಭಾಳ ಕೈಯಿಂದ ಬಳೆಯೊಂದು ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಆಮೇಲೆ ಇನ್ನೊಂದು.

"ರೀ," ಎಂದಳು ಅವಳು, ಬಹಳ ಸಣ್ಣ ದನಿಯಲ್ಲಿ, "ನಂಗೇನೋ ಆಗ್ತಿದೆ, ಬಾಗಿಲು ತೆಗೀರಿ."

ಅವನ ಕೈಗಳಿಗೆ ಬಿಡುವಿರಲಿಲ್ಲ.