ಸಾಲು ಎತ್ತಿಕೊಡುವವನು

"ಆ ರೇಡಿಯೋ ಆರಿಸಿ ಅತ್ತೆ... ನಿಮ್ಮ ದಮ್ಮಯ್ಯ!" ವರ್ಲೀನ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಓರ್ಫಾ ಆರಿಸಲಿಲ್ಲ, ಗುಂಡಿ ತಿರುಗಿಸಿ ಇನ್ನಷ್ಟು ಜೋರು ಮಾಡಿದಳು. ರೇಡಿಯೋದ ಹಳೆಯ ರೆಕಾರ್ಡಿನಲ್ಲಿ ಹಾಡುತ್ತಿದ್ದವನು ಅವಳ ಹಿರಿಮಗ ಎಲ್ಡನ್ ಕಾಡಿಲ್. ಅಡುಗೆಮನೆಯ ಮೂಲೆಯಲ್ಲಿ, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಣ್ಮುಚ್ಚಿ ಕೇಳುತ್ತಿದ್ದವನೂ ಅವನೇ.

"ಕೇಳ್ಲಿ ಬಿಡೆ! ಗಂಡನ ಗಂಟಲು ಕೊಯ್ಸಿದ ಮಹಾತಾಯಿಗೆ ಈಗ ಹಾಡು ಚುಚ್ಚತ್ತೇನೋ!"

ವರ್ಲೀನ್ ಹಿಟ್ಟಿನ ಪಾತ್ರೆಯ ಕಡೆ ತಿರುಗಿದಳು. ಕೆಂಟಕಿಯ ಕಲ್ಲಿದ್ದಲ ಬೆಟ್ಟದಿಂದ ಗಿಟಾರ್ ಹೆಗಲಿಗೇರಿಸಿ ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋದ ಹುಡುಗ ಎಲ್ಡನ್. ಕಂಟ್ರಿ ಎಂಬ ಹಳ್ಳಿಹಾಡಿನ ಉಳಿದ ಗಾಯಕರು ಮೂಗಿನಲ್ಲಿ ಕೂಗುತ್ತಿದ್ದ ಕಾಲದಲ್ಲಿ ಇವನು ಪಕ್ಕದ ಕುರ್ಚಿಯವರ ಜೊತೆ ಮಾತಾಡಿದ ಹಾಗೆ ಹಾಡಿದ. ಬೆಣ್ಣೆಯಂಥ ಕಂಠ! ಟ್ರಕ್ಕಿನವರು ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿ, ಹಾಡು ಮುಗಿದ ಮೇಲೆ ಹೊರಡುತ್ತಿದ್ದರಂತೆ. ಎಷ್ಟೋ ವರ್ಷ ಬಸ್ಸಿನಲ್ಲೇ ಮಲಗಿ ಊರೂರು ಸುತ್ತಿದ. ಆದರೂ ಹಿರಿಯರ ಗೋರಿಗಳಿಗೆ ಹೂವಿಡುವ ಮೇ ತಿಂಗಳ ಸಮಾಧಿ ಭಾನುವಾರಕ್ಕೆ ಮಾತ್ರ ಬೆಟ್ಟಕ್ಕೆ ಬರದೆ ಇರುತ್ತಿರಲಿಲ್ಲ. ಆಮೇಲೆ ಗಂಟಲಲ್ಲಿ ಗಂಟು ಬಂತು. ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು, "ಸತ್ರೂ ಸರಿ ವರ್ಲೀನ್, ಧ್ವನಿಪೆಟ್ಟಿಗೆ ಮುಟ್ಟೋಕೆ ಬಿಡ್ಬೇಡ" ಎಂದಿದ್ದ. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ಹೊರಗೆ ಬಂದರು. "ಪೂರ್ತಿ ತೆಗೀಬೇಕಮ್ಮ, ಇಲ್ಲಾಂದ್ರೆ ಕ್ರಿಸ್‌ಮಸ್ ಕಾಣಲ್ಲ. ಬೇಗ ಹೇಳಿ." ಅವನು ಒಳಗೆ ಎಚ್ಚರ ತಪ್ಪಿ ಮಲಗಿದ್ದ. ವರ್ಲೀನ್ "ತೆಗೀರಿ" ಎಂದುಬಿಟ್ಟಳು. ಅಂದಿನಿಂದ ಅವನು ಅವಳ ಕಡೆ ತುಟಿ ಸಹ ಅಲುಗಿಸಿರಲಿಲ್ಲ. ಕ್ಷಮಿಸಿದ್ದಾನೋ ಇಲ್ಲವೋ... ಅದೊಂದು ತಿಳಿದರೆ ಸಾಕಾಗಿತ್ತು ಅವಳಿಗೆ!

ಇವತ್ತು ಅದೇ ಸಮಾಧಿ ಭಾನುವಾರ. ಗುಡ್ಡದ ಮೇಲೆ ಎಲ್ಲ ಗೋರಿಗಳಿಗೂ ಕಾಗದದ ಹೂ ಏರಿತ್ತು. ಓಕ್ ಮರದಡಿ ಹಾಸಿದ ಬಟ್ಟೆಯ ಮೇಲೆ ಹುರಿದ ಕೋಳಿ, ಅವರೆ, ಜೋಳದ ರೊಟ್ಟಿ ಕಾಯುತ್ತಿದ್ದವು. ಈ ಪ್ರಾರ್ಥನಾಸಭೆಯಲ್ಲಿ ವಾದ್ಯವಿಲ್ಲ, ಪುಸ್ತಕವಿಲ್ಲ. ಗಂಡಸೊಬ್ಬ ಒಂದು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನು ಎಳೆದೆಳೆದು ಹಾಡಬೇಕು. ಅಪ್ಪನ ಗೋರಿಯ ಬಳಿ ಎತ್ತಿಕೊಡುವವನು ಹಿರಿಮಗ. ಹೆಂಗಸರು ಎತ್ತಿಕೊಟ್ಟದ್ದು ಯಾರಿಗೂ ನೆನಪಿಲ್ಲ.

ಎಲ್ಡನ್ ಅಪ್ಪನ ತಲೆಗಲ್ಲಿನ ಹತ್ತಿರ ನಿಂತ. ಜನ ಕಾದರು. ಅವನು ಬಾಯಿ ತೆರೆದ... ಕೊರಳ ಬಟ್ಟೆಯಡಿಯ ರಂಧ್ರದಿಂದ ಬರೀ ಉಸಿರು ಬುಸ್ಸೆಂದಿತು. ಯಾರೋ ಬಿಕ್ಕಿದರು.

"ನಿನ್ನ ಹೆಂಡ್ತೀನೇ ಕೇಳಪ್ಪ," ಎಂದಳು ಓರ್ಫಾ. "ಧ್ವನಿ ನುಂಗಿದೋಳು ಅವಳಲ್ವಾ!"

ಎಲ್ಡನ್ ತಿರುಗಿ ವರ್ಲೀನ್‌ಳನ್ನೇ ನೋಡುತ್ತಾ ಮತ್ತೆ ತುಟಿ ಅಲುಗಿಸಿದ. ಆ ಸಾಲು ಅವಳಿಗೆ ಗೊತ್ತಿತ್ತು. ಅವಳದು ಒಡಕು ಕಂಠ. ಆದರೆ ಅವನನ್ನು ಹಾಗೆ ಬಾಯಿ ತೆರೆದು ನಿಂತಿರಲು ಬಿಡುವುದು ಹೇಗೆ?

"ಹೊಳೆಯಾಚೆ ದೀಪವ ಹಿಡಿದಿರು ಒಡೆಯಾ..."

ಹಿರಿಯರು ಹುಬ್ಬು ಗಂಟಿಕ್ಕಿದರು. ಯಾರೂ ದನಿಗೂಡಿಸಲಿಲ್ಲ. ತನ್ನ ಗಂಡನ ಗೋರಿಯ ಮೇಲೆ ಹಾಡು ಅರ್ಧಕ್ಕೇ ನಿಂತದ್ದನ್ನು ಓರ್ಫಾಗೆ ತಾಳಲಾಗಲಿಲ್ಲ. ಸೊಸೆಯ ಮುಖ ನೋಡದೆಯೇ ಆ ಸಾಲನ್ನು ಮೊದಲು ಎಳೆದವಳು ಅವಳೇ. ಮೆಲ್ಲಗೆ ಎಲ್ಲರೂ ಸೇರಿದರು. ಎಲ್ಡನ್ ತುಟಿಯಲ್ಲಿ ಕೊಟ್ಟದ್ದನ್ನು ವರ್ಲೀನ್ ಕೊನೆಯವರೆಗೂ ಎತ್ತಿಕೊಟ್ಟಳು.

ಜನ ಊಟದ ಕಡೆ ಸರಿದರು. ಅವನು ಅವಳ ಕೈ ಹಿಡಿದ. ಅವನು ಒಂದೊಂದೇ ಮಾತನ್ನು, ಅವಳಿಗೆ ತಪ್ಪದ ಹಾಗೆ, ತುಟಿಯಲ್ಲಿ ಬಿಡಿಸಿ ಹೇಳಿದ: "ನಾನಾಗಿದ್ರೆ... ಧ್ವನೀನೇ ಉಳಿಸ್ಕೊಳ್ತಿದ್ದೆ."

"ಗೊತ್ತು ಎಲ್ಡನ್," ಎಂದಳು ವರ್ಲೀನ್, ಕಣ್ಣೀರು ಒರೆಸಿಕೊಳ್ಳದೆ. "ಇನ್ನೊಂದ್ಸಲ ಕೇಳಿದ್ರೂ ನಾನು ತೆಗೀರಿ ಅಂತಾನೇ ಹೇಳ್ತೀನಿ."

ಅವನು ಒಪ್ಪದವನ ಹಾಗೆ ಅಡ್ಡಡ್ಡ ತಲೆಯಾಡಿಸಿದ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.