ಗುರುವಾರದವರೆಗೆ ಬಾಯಿಗೆ ಬೀಗ

"ಅದನ್ನ ಓಪನ್ ಮಾಡ್ಬೇಡ," ಎಂದು ಹಸಿಂತಾ ತಾದೆಯೋನ ಲ್ಯಾಪ್‌ಟಾಪಿಗೆ ಅಂಗೈ ಅಡ್ಡ ಹಿಡಿದಳು.

ತಾದೆಯೋ ಐದನೇ ಕ್ಲಾಸಿನ ಪತ್ರಿಕೆಯ ಎಡಿಟರ್. ಯಾರು ಕತೆ ಬರೆದರೂ, ಫುಟ್‌ಬಾಲ್ ಸುದ್ದಿ ಬರೆದರೂ ಫೈಲ್ ಅವನಿಗೇ ಬರುತ್ತಿತ್ತು. ಈಗ ಬಂದ ಫೈಲ್ ಯಾರದೆಂದು ಅವನಿಗೂ ಗೊತ್ತಿರಲಿಲ್ಲ. ಬೇರೆ ಕ್ಲಾಸಿನವರು ಯಾರೋ ಕಳಿಸಿರಬೇಕು ಅಂದುಕೊಂಡಿದ್ದ.

"ಯಾಕೆ ಮಾಡ್ಬಾರದು?"

 ಹಸಿಂತಾ ಕೊರಳಿನ ಯೂನಿಫಾರ್ಮಿನ ನೀಲಿ ಬೋ ಎಳೆದುಕೊಂಡಳು. ಗುಟ್ಟು ನಾಲಿಗೆಯ ತುದಿಗೇ ಬಂದಿತ್ತು. "ಸುಮ್ನೆ. ಬೇಡ ಅಂದ್ರೆ ಬೇಡ."

"ನೀನು ಎಡಿಟರ್ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚು," ಎಂದ ತಾದೆಯೋ. ಪಕ್ಕದ ಬೆಂಚಿನವರೂ ನಕ್ಕರು.

ಸುಮ್ಮನಿರುವುದು ಹಸಿಂತಾಳಿಗೆ ಸಣ್ಣ ಶಿಕ್ಷೆಯಲ್ಲ. ಅವಳ ಕಿವಿಗೆ ಬಿದ್ದ ಮಾತು ಊಟದ ಬೆಲ್ ಹೊಡೆಯುವುದರೊಳಗೆ ಇಡೀ ಸಾಲ್ಟೊ ಊರು ಸುತ್ತಿ ಬರುತ್ತದೆ ಎಂದು ಎಲ್ಲರೂ ಛೇಡಿಸುತ್ತಿದ್ದರು. ಅಂಥವಳ ಕಿವಿಗೇ ಭಾನುವಾರ ಆ ವಿಷಯ ಬಿದ್ದಿತ್ತು.

ಅವಳ ಅಮ್ಮ ಪ್ರೋಗ್ರಾಮರ್. ಶಾಲೆ, ಆಫೀಸು, ಅಂಗಡಿಗಳಲ್ಲೆಲ್ಲ ಜನ ಬರೆಯಲು ಬಳಸುವ ಒಂದು ಸಾಫ್ಟ್‌ವೇರನ್ನು ದುರಸ್ತಿ ಮಾಡುವವರಲ್ಲಿ ಅವಳೂ ಒಬ್ಬಳು. ಅಂದು ಮಾಟೆ ಚಹಾ ಹೀರುತ್ತ ಕಂಪ್ಯೂಟರಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಸಾಫ್ಟ್‌ವೇರಿನಲ್ಲಿ ಒಂದು ತೂತು ಸಿಕ್ಕಿದೆ, ಕಳ್ಳರು ಬೇಕೆಂದೇ ಮಾಡಿದ ಫೈಲನ್ನು ತೆರೆದರೆ ಸಾಕು, ಆ ತೂತಿನಿಂದ ಒಳಗೆ ನುಗ್ಗಿ ಎಲ್ಲ ಹಾಳುಮಾಡಬಹುದು ಎನ್ನುತ್ತಿದ್ದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಹಸಿಂತಾ, ಬಾಯಲ್ಲಿ ಬಿಸ್ಕತ್ತು.

ಅಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡಳು. "ತೂತು ಮುಚ್ಚೋ ತೇಪೆ ಗುರುವಾರ ರೆಡಿ ಆಗುತ್ತೆ. ಅದಕ್ಕೆ ಮುಂಚೆ ಸುದ್ದಿ ಹಬ್ಬಿದ್ರೆ ಕಳ್ಳರು ತೂತು ಹುಡುಕ್ಕೊಂಡು ಬರ್ತಾರೆ. ಯಾರಿಗೂ ಹೇಳ್ಬಾರ್ದು ಪುಟ್ಟಾ. ಯಾರಿಗೂ ಅಂದ್ರೆ ತಾದೆಯೋಗೂ."

ಆಟದ ಹೊತ್ತಿನಲ್ಲಿ ಹಸಿಂತಾ ಒಬ್ಬಳೇ ಕೂತಳು. ಶಿಶುವಿಹಾರದಿಂದ ಜೊತೆಗಿದ್ದ ಗೆಳೆಯ ತಾದೆಯೋ. ಆ ಫೈಲ್ ಕಳ್ಳರದೇ ಆಗಿದ್ದರೆ ಪತ್ರಿಕೆ, ಅವನ ಫೋಟೋಗಳು, ಎಲ್ಲ ಹೋದ ಹಾಗೇ. ಹೇಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅವಳಿಗೆ ಅಳು ಬಂತು. ಮೂಗು ಒರೆಸಿಕೊಂಡು ಎದ್ದು ತಾದೆಯೋನ ಹತ್ತಿರ ಹೋದಳು.

"ಫೈಲ್ ಯಾವ್ದೂ ಬೇಡ. ಎಲ್ರೂ ಬಂದು ತಾವು ಬರೆದದ್ದನ್ನ ಓದಿ ಹೇಳ್ಲಿ, ನಿನ್ನ ಲ್ಯಾಪ್‌ಟಾಪಲ್ಲಿ ನಾನೇ ಟೈಪ್ ಮಾಡ್ತೀನಿ. ಪತ್ರಿಕೇಲಿ ನನ್ನ ಹೆಸ್ರೂ ಹಾಕ್ಬೇಡ."

ತಾದೆಯೋ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೆಲಸ ತಪ್ಪುವುದಾದರೆ ಯಾರಿಗೆ ಬೇಡ? ಒಪ್ಪಿಕೊಂಡ. ಆದರೆ ಅವಳ ಜೊತೆ ಮಾತು ಬಿಟ್ಟ. ಕರೆಯಲೇಬೇಕಾದಾಗ "ಟೈಪಿಸ್ಟ್ ಮೇಡಂ" ಎನ್ನುತ್ತಿದ್ದ. ಆ ಫೈಲನ್ನು ಓದಿ ಹೇಳಲು ಯಾರೂ ಬರಲಿಲ್ಲ, ಅದು ತೆರೆಯದೆ ಹಾಗೇ ಉಳಿಯಿತು. ಹಸಿಂತಾಳ ಬೆರಳುಗಳು ನೋಯುತ್ತಿದ್ದವು. ಮನೆಯಲ್ಲಿ ಅಮ್ಮ ಎಂದಿನಂತೆ ಉಣ್ಣುತ್ತ ನಗುತ್ತ ಇರುವುದನ್ನು ಕಂಡು ಅವಳಿಗೆ ಸಿಟ್ಟು ಬರುತ್ತಿತ್ತು. ಅಮ್ಮನಿಗೇನು, ಗೆಳೆಯ ಹೋದದ್ದು ನನಗೆ ತಾನೇ!

ಗುರುವಾರ ಸಂಜೆ ಅಮ್ಮ ಒಂದು ಕೀ ಒತ್ತಿ, ತೇಪೆ ಹೊರಟಿತು ಎಂದಳು. ಮರುಕ್ಷಣವೇ ಫೋನ್ ಎತ್ತಿಕೊಂಡಳು. ತಾಕ್ವಾರೆಂಬೊ ಊರಿನಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ತನ್ನ ತಮ್ಮ, ಎಲ್ಬಿಯೋ ಮಾವನಿಗೆ. ದಿನವಿಡೀ ಗುರುತಿಲ್ಲದವರ ಫೈಲ್ ತೆರೆಯುವುದೇ ಮಾವನ ಕೆಲಸ.

"ಎಲ್ಬಿಯೋ, ಎಲ್ಲ ಬಿಟ್ಟು ಮೊದ್ಲು ಅಪ್‌ಡೇಟ್ ಹಾಕು. ನಾನು ಲೈನಲ್ಲೇ ಇರ್ತೀನಿ."

ಸೋಮವಾರ ಇದೇ ಮಾವನ ಜೊತೆ ಅಮ್ಮ ಅರ್ಧ ಗಂಟೆ ಮಾತಾಡಿದ್ದಳು. ಬರೀ ನಾಯಿಮರಿಯ ಮಾತು, ತೂತಿನ ಸುದ್ದಿ ಒಂದಕ್ಷರವೂ ಇಲ್ಲ. ಈಗ ಎದ್ದು ನಿಂತೇ ಕಾಯುತ್ತಿದ್ದಳು. ಅಪ್‌ಡೇಟ್ ಆಯಿತು ಎಂದು ಮಾವ ಹೇಳಿದ ಮೇಲೆ ಕುರ್ಚಿಗೆ ಒರಗಿ ಕಣ್ಣು ಒರೆಸಿಕೊಂಡಳು.

ಹಸಿಂತಾ ಹೋಗಿ ಅಮ್ಮನಿಗೆ ಒತ್ತಿಕೊಂಡು ನಿಂತಳು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಮ್ಮ ಫೋನ್ ಅವಳ ಕೈಗೆ ಕೊಟ್ಟಳು. ಹಸಿಂತಾ ತಾದೆಯೋನ ನಂಬರ್ ಒತ್ತಿದಳು.

"ಏನು ಟೈಪಿಸ್ಟ್ ಮೇಡಂ?" ಎಂದಿತು ಆ ಕಡೆಯ ದನಿ.

"ಮೊದ್ಲು ಅಪ್‌ಡೇಟ್ ಹಾಕು ತಾದೆಯೋ," ಎಂದಳು ಹಸಿಂತಾ. "ನಾನು ಲೈನಲ್ಲೇ ಇರ್ತೀನಿ."