ಸುಟ್ಟ ಗಾಜಿನ ಅಂಚು

ಬೆಳಗಿನ ಪಾಳಿಯ ಮೊದಲ ತಗಡಿಗೇ ಲೇಸರ್ ಸತ್ತಿತು.

ಯಂತ್ರದ ತಲೆಯಿಂದ, ಅಂದರೆ ತಗಡು ಕತ್ತರಿಸುವ ಬೆಳಕು ಹೊರಬರುವ ಭಾಗದಿಂದ, ಸುಟ್ಟ ವಾಸನೆ. ಪರದೆಯ ಮೇಲೆ ಕೆಂಪು ಎಚ್ಚರಿಕೆ. ಆಪರೇಟರ್ ಎರಡೂ ಕೈ ಮೇಲೆತ್ತಿ ನಿಂತಿದ್ದ, ಯಾರೋ ಪಿಸ್ತೂಲು ತೋರಿಸಿದ ಹಾಗೆ.

"ಈ ವರ್ಷ ಮೂರನೇ ಸಲ," ಎಂದ ಮ್ಯಾನೇಜರ್. "ಮೇಡಂ, ತಲೆ ಬಿಚ್ಚೋದು ಬೇಡ. ಸೀಲ್ ಮಾಡಿ ಹೊರಗಿನ ಸರ್ವೀಸ್‌ಗೆ ಕಳಿಸೋಣ. ಹನ್ನೊಂದಕ್ಕೆ ಕೊರಿಯರ್ ಬರುತ್ತೆ."

"ಎಷ್ಟು ದಿನ?" ಎಂದರು ಮಾಲಕಿ.

"ಮೂರು ವಾರ. ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ ನಮ್ಮ ರಿಪೇರಿ ಕೋಣೆ ಮುಚ್ಚಬಹುದು. ಪದೇ ಪದೇ ಕೆಡಿಸೋ ಈ ಆಪರೇಟರ್‌ನನ್ನೂ ಮನೆಗೆ ಕಳಿಸಬಹುದು."

ರಿಪೇರಿ ಕೋಣೆಯಲ್ಲಿ ಇದ್ದವಳು ಒಬ್ಬಳೇ. ಜೇಬಿನಲ್ಲಿ ಸದಾ ಚಿಮುಟ ಇರುತ್ತಿದ್ದುದರಿಂದ ಹೆಸರೂ ಚಿಮುಟ ಎಂದೇ ಆಗಿತ್ತು. ಮನೆಗೆ ಹೋಗಬೇಕಾದ ಆಪರೇಟರ್ ಅವಳ ಅಕ್ಕನ ಗಂಡ.

"ಹನ್ನೊಂದರ ತನಕ ತಲೆ ನನ್ನ ಮೇಜಿನ ಮೇಲಿರಲಿ," ಎಂದಳು ಚಿಮುಟ.

"ನೀನು ಬಿಚ್ಚಿದರೆ ಸರ್ವೀಸ್‌ನವರು ಮುಟ್ಟಲ್ಲ," ಎಂದ ಮ್ಯಾನೇಜರ್.

"ಮುಟ್ಟೋದು ಬೇಡ ಬಿಡಿ."

ಮಾಲಕಿ ಗಡಿಯಾರ ನೋಡಿದರು. "ಹನ್ನೊಂದು. ಅದರ ಮೇಲೆ ಒಂದು ನಿಮಿಷವೂ ಇಲ್ಲ."

*

ಚಿಮುಟಳ ಮೊದಲ ಅನುಮಾನ ಲೇಸರನ್ನು ತಂಪಾಗಿಡುವ ತಣ್ಣೀರಿನ ಯಂತ್ರದ ಮೇಲೆ. ಕೊಳವೆ ಮುಟ್ಟಿದಳು, ಮಾಪಕ ಓದಿದಳು. ಎಲ್ಲ ಸರಿ.

ಎರಡನೆಯದು ಭಾವನ ಖಾನೆಯಲ್ಲಿ ಸಿಕ್ಕಿತು. ಮುಚ್ಚಳ ತೆರೆದ ಗ್ರೀಸ್ ಡಬ್ಬಿ.

"ಇದೇನು ಭಾವ?"

"ಯಂತ್ರದ ಬಾಗಿಲ ಹಳಿಗೆ. ಕಿರ್ ಕಿರ್ ಅಂತಿತ್ತು."

"ತಲೆ ಮುಟ್ಟಿಲ್ಲ ತಾನೆ?"

"ನಿಮ್ಮಕ್ಕನಾಣೆ ಇಲ್ಲ."

"ಅಕ್ಕನ ಮೇಲೆ ಆಣೆ ಹಾಕೋದು ನಿಮಗೆ ಸಲೀಸು. ನಿಮ್ಮ ಬೈಕಿನ ಮೇಲೆ ಹಾಕಿ."

ಅವನು ಗಂಭೀರವಾದ. "ಬೈಕಿನಾಣೆಗೂ ಇಲ್ಲ. ಡಬ್ಬಿ ಮುಚ್ಚಿಟ್ಟಿದ್ದೆ ಕಣೇ."

ಅವಳು ತಲೆಯ ನಾಲ್ಕು ತಿರುಪು ಬಿಚ್ಚಿದಳು. ಲೆನ್ಸಿಗೆ ಅಡ್ಡವಾಗಿ ಒಂದು ಕಾಪು ಗಾಜು, ದೊಡ್ಡ ನಾಣ್ಯದಷ್ಟಿರುತ್ತದೆ. ನಿನ್ನೆ ಸಂಜೆ ಅವಳೇ ಹೊಸದು ಹಾಕಿದ್ದಳು. ಈಗ ನಡುವೆ ಕಪ್ಪು ಗಾಯ. ಸುತ್ತ ಗ್ರೀಸ್ ಕರಕಲು. ಒಳಗಿನ ಲೆನ್ಸ್ ಮಾತ್ರ ಕೂದಲೂ ಕೊಂಕದೆ ಉಳಿದಿತ್ತು.

ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಂಚಿನ ಬಳಿ ಕಂದು ಗೆರೆಗಳು, ಬಿಲ್ಲಿನಂತೆ ಬಾಗಿದವು. ಹೆಬ್ಬೆರಳಿನ ಗುರುತು. ಅದರ ನಡುವೆ ಓರೆಯಾಗಿ ಒಂದು ಖಾಲಿ ಪಟ್ಟಿ.

ಅಂಥ ಗೀರಿರುವ ಹೆಬ್ಬೆರಳು ಯಾರದೆಂದು ಅವಳಿಗೆ ಗೊತ್ತಿತ್ತು. ಹೊಸ ಗಾಜು ಕೂರಿಸಿ, ತಲೆಯನ್ನು ಯಂತ್ರಕ್ಕೆ ಜೋಡಿಸಿ, ಸುಟ್ಟ ಗಾಜಿನೊಂದಿಗೆ ಸೂಕ್ಷ್ಮದರ್ಶಕವನ್ನೇ ಹೊತ್ತು ಮಾಲಕಿಯ ಕೋಣೆಗೆ ನಡೆದಳು.

*

ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ. ಮ್ಯಾನೇಜರನ್ನೂ ಭಾವನನ್ನೂ ಅಲ್ಲಿಗೆ ಕರೆಸಿದ್ದಳು.

"ಎರಡು ಹೊಸ ಗಾಜು," ಎಂದಳು, ಇಬ್ಬರ ಮುಂದೆ ಒಂದೊಂದು ಇಟ್ಟು. "ಬೆಳಕಿಗೆ ಹಿಡಿದು, ಗೀರು ಇದೆಯಾ ಹೇಳಿ."

ಭಾವ ತನ್ನದನ್ನು ಅಂಚಿನಲ್ಲಿ, ಉಗುರ ತುದಿಯಿಂದ ಎತ್ತಿದ. ಮ್ಯಾನೇಜರ್ ಇನ್ನೊಂದನ್ನು ಬಿಸ್ಕತ್ತಿನಂತೆ ಹಿಡಿದ. "ಗೀರು ಇಲ್ಲ. ಆಟ ಮುಗೀತಾ?"

ಅವಳು ಜೇಬಿನ ಚಿಮುಟದಿಂದ ಅವನ ಗಾಜನ್ನು ಇಸಿದುಕೊಂಡು ಸುಟ್ಟ ಗಾಜಿನ ಪಕ್ಕ ಇಟ್ಟಳು. "ಮೇಡಂ, ನೋಡಿ."

ಮಾಲಕಿ ಬಗ್ಗಿದರು. ಎರಡೂ ಗಾಜಿನ ಮೇಲೆ ಅದೇ ಬಾಗಿದ ಗೆರೆಗಳು, ಅದೇ ಓರೆ ಪಟ್ಟಿ.

"ನನ್ನ ಕೋಣೆಯಲ್ಲಿ ಕಲಿತವರು ಯಾರೂ ಗಾಜಿನ ಮುಖ ಮುಟ್ಟಲ್ಲ," ಎಂದಳು ಚಿಮುಟ. "ಬೈದು ಬೈದು ಅಭ್ಯಾಸ ಮಾಡಿಸಿದ್ದೀನಿ. ಈ ಮ್ಯಾನೇಜರ್ ಕಲಿಯೋಕೆ ಬರಲೇ ಇಲ್ಲ. ಬೆರಳಿನ ಎಣ್ಣೆ ಬರಿಗಣ್ಣಿಗೆ ಕಾಣಲ್ಲ, ಆದರೆ ಲೇಸರ್ ಅದನ್ನ ಬೇಯಿಸಿ ಅಚ್ಚೊತ್ತಿಬಿಡುತ್ತೆ. ನಿನ್ನೆ ಸಂಜೆ ಹೊಸ ಗಾಜು. ಇವತ್ತು ಬೆಳಿಗ್ಗೆ ಇವರ ಹೆಬ್ಬೆರಳು, ತಗಡು ಕೊಯ್ದ ಹಳೇ ಗಾಯದ ಸಮೇತ. ಗ್ರೀಸ್ ಭಾವನ ಡಬ್ಬಿಯಿಂದ, ಆರೋಪ ಅವರ ಮೇಲೆ ಬೀಳಲಿ ಅಂತ."

"ಹಿಂದಿನ ಎರಡು ಸಲ?" ಎಂದರು ಮಾಲಕಿ.

"ತಲೆ ಸೀಲ್ ಆಗಿ ಸರ್ವೀಸ್‌ಗೆ ಹೋಯಿತು. 'ಆಪರೇಟರ್ ತಪ್ಪು' ಅಂತ ಚೀಟಿ ಬಂತು. ಗಾಜು ಬರಲಿಲ್ಲ. ಇವತ್ತೂ ಕಳಿಸಿದ್ದರೆ ಸಾಕ್ಷಿ ಅವರ ಕಸದ ಬುಟ್ಟಿಗೆ, ಭಾವ ಬೀದಿಗೆ."

ಮಾಲಕಿ ಮ್ಯಾನೇಜರ್ ಕಡೆ ತಿರುಗಿದರು. "ಯಾಕೆ?"

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದ್ದ. "ಒಪ್ಪಂದ ಮಾಡಿಸಿಕೊಟ್ಟರೆ ಸರ್ವೀಸ್‌ನವರು ತಮ್ಮಲ್ಲಿ ದೊಡ್ಡ ಕುರ್ಚಿ ಕೊಡ್ತೀವಿ ಅಂದಿದ್ರು."

"ಈಗ ಪೊಲೀಸರೇ ಕುರ್ಚಿ ಕೊಡ್ತಾರೆ. ಕೂತ್ಕೊಳ್ಳಿ." ಮಾಲಕಿ ಫೋನ್ ಎತ್ತಿದರು. "ಯಂತ್ರ ಯಾವಾಗ ಶುರುವಾಗುತ್ತೆ?"

"ಭಾವ ಹೋಗಿ ಗುಂಡಿ ಒತ್ತಿದರೆ ಆಯ್ತು."

ಭಾವ ಓಡಿದ. ಆಗಲೇ ಕೊರಿಯರ್‌ನವನು ಬಾಗಿಲಲ್ಲಿ ಇಣುಕಿ, "ಪಾರ್ಸೆಲ್ ಎಲ್ಲಿ?" ಎಂದ.

ಚಿಮುಟ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಗೋಡೆಯಾಚೆ ತಗಡು ಕೊಯ್ಯುವ ಸದ್ದು ಎದ್ದಿತ್ತು.